ಖೋ ರೀ

ಹೋದ ವಾರ ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ನನ್ನಿಂದ ಒಂದು ಸಣ್ಣ ಅನಾಹುತ ನಡೆಯಿತು. ಬಸವಕಲ್ಯಾಣದ ಬಸ್ಸಿಗೆ ಕಾಯುತ್ತ ಕೂತಿದ್ದೆ. ಮುಂದಿನ ಕಲ್ಲುಬೆಂಚಿನ ಮೇಲೆ ನನಗೆ ಬೆನ್ನು ಮಾಡಿ ಕೂತಿದ್ದ ಹೆಂಗಸೊಬ್ಬರು ತೊಡೆಯ ಮೇಲೆ ಗಂಟು ಇಟ್ಟುಕೊಂಡು ತೂಕಡಿಸುತ್ತಿದ್ದರು. ಕಣ್ಣು ಮುಚ್ಚುವ ಮೊದಲು, “ಕಲ್ಯಾಣದ ಬಸ್ ಬಂದ್ರ ನನಗೊಂದೀಟು ಎಬ್ಬಸ್ರಿ” ಎಂದು ಹೇಳಿದ್ದರು. ಬಸ್ಸು ಬಂತು. ನಾನು ಎದ್ದು, ಅವರ ಬೆನ್ನು ಮುಟ್ಟಿ, ಗಂಟಲು ತುಂಬ “ಖೋ ರೀ!” ಎಂದುಬಿಟ್ಟೆ.

ಆ ತಾಯಿ ಬೆಚ್ಚಿಬಿದ್ದು ಎದ್ದು, ಮುಖ ಯಾವ ದಿಕ್ಕಿಗಿತ್ತೋ ಆ ದಿಕ್ಕಿಗೇ ಓಡಿದರು. ಅಲ್ಲಿ ನಿಂತಿದ್ದದ್ದು ಬೀದರಿನ ಬಸ್ಸು. ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟೂ ಆಗಿತ್ತು. ನಾನು ಅವರ ಗಂಟು ಹೊತ್ತುಕೊಂಡು ಹಿಂದೆ ಓಡಿ, “ಅಲ್ಲಲ್ರಿ, ನಮ್ಮ ಬಸ್ ಈ ಕಡಿಗಿ ಅದರಿ” ಎಂದು ಕೈಹಿಡಿದು ಕರೆತರಬೇಕಾಯಿತು.

ಬಸ್ಸಿನಲ್ಲಿ ಅವರು ನನ್ನ ಪಕ್ಕದಲ್ಲೇ ಕೂತರು. ಉಸಿರು ಹದಕ್ಕೆ ಬಂದ ಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಕ್ಕಾರ, ಎಬ್ಬಸ್ರಿ ಅಂದ್ರ ಎಬ್ಬಸಬೇಕು. ಖೋ ಅಂದ್ರೇನ್ರಿ? ಮತ್ತ ಅದಕ್ಕೊಂದು ರೀ ಯಾಕ?” ಎಂದು ಕೇಳಿದರು.

ಪ್ರಶ್ನೆ ಸರಿಯಾಗಿಯೇ ಇತ್ತು. ಖೋ ಎಂಬುದು ಆಟದ ಮಾತು, ರೀ ಎಂಬುದು ಮರ್ಯಾದೆಯ ಮಾತು. ಎರಡೂ ಒಂದೇ ಬಾಯಿಂದ ಒಟ್ಟಿಗೆ ಹೊರಡಬೇಕಾದರೆ ಆ ಬಾಯಿ ನಮ್ಮ ಕಡೆಯದೇ ಆಗಿರಬೇಕು, ಅದೂ ಹೆಣ್ಣಿನದಾಗಿರಬೇಕು. ನಾನೀಗ ಹೈಸ್ಕೂಲಿನಲ್ಲಿ ಪಾಠ ಹೇಳುವ ಮೇಡಂ. ಇಡೀ ತರಗತಿಯನ್ನು ಗದರಿಸಿ ಕೂರಿಸುವ ಗಂಟಲು ಸಂಪಾದಿಸಿಕೊಂಡಿದ್ದೇನೆ. ಆದರೆ ಯಾರದಾದರೂ ಬೆನ್ನು ಮುಟ್ಟಿದೆನೋ, ನಾಲಿಗೆ ನನ್ನನ್ನು ಕೇಳದೆ ತನ್ನ ಕೆಲಸ ಮುಗಿಸಿಬಿಡುತ್ತದೆ. ಕಲ್ಯಾಣ ಬರುವವರೆಗೆ ಆ ತಾಯಿಗೆ ಇದರ ಕಥೆ ಹೇಳಿದೆ. ಅವರು ಕೇಳಿ ಇಳಿದ ಮೇಲೆ ನೀವೂ ಕೇಳಬಹುದು, ಪಕ್ಕದ ಸೀಟು ಖಾಲಿ ಇದೆ.

ನಮ್ಮ ಮನೆ ಬಸವಕಲ್ಯಾಣದ ಹಳೆಯ ಪೇಟೆಯಲ್ಲಿ, ಕೋಟೆಗೆ ಹೋಗುವ ದಾರಿಯಲ್ಲಿತ್ತು. ಮನೆಗೆ ಹೊಂದಿಕೊಂಡೇ ಅಪ್ಪನ ಕಿರಾಣಿ ಅಂಗಡಿ. ನಮ್ಮಲ್ಲಿ ಗಂಡಸರು ಮಾತಾಡಿದರೆ ಓಣಿಯ ಆಚೆ ತುದಿಗೆ ಕೇಳುತ್ತಿತ್ತು, ಹೆಂಗಸರು ಮಾತಾಡಿದರೆ ಪಡಸಾಲೆಗೂ ಕೇಳುತ್ತಿರಲಿಲ್ಲ. ಅವ್ವ ಅಪ್ಪನನ್ನು ಬಾಯಿಬಿಟ್ಟು ಕರೆದದ್ದನ್ನು ನಾನು ಕೇಳಿಯೇ ಇರಲಿಲ್ಲ. ಗಂಡನ ಹೆಸರು ಹಿಡಿಯುವಂತಿಲ್ಲ, ಕೂಗುವಂತಿಲ್ಲ. ಅದಕ್ಕೆ ಅವಳು ಬಾಗಿಲ ಚಿಲಕ ಅಲ್ಲಾಡಿಸುತ್ತಿದ್ದಳು. ಮೆಲ್ಲಗೆ ಅಲ್ಲಾಡಿಸಿದರೆ ಊಟ ತಯಾರು, ಜೋರಾಗಿ ಅಲ್ಲಾಡಿಸಿದರೆ ಮನೆಗೆ ಯಾರೋ ಬಂದಿದ್ದಾರೆ, ಬಿಡದೆ ಅಲ್ಲಾಡಿಸಿದರೆ ಅಪ್ಪ ಏನೋ ತಪ್ಪು ಮಾಡಿದ್ದಾನೆ. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಹರಟೆಯಲ್ಲಿದ್ದರೂ ಅಪ್ಪನಿಗೆ ಆ ಚಿಲಕದ ವ್ಯತ್ಯಾಸಗಳು ಚೆನ್ನಾಗಿ ತಿಳಿಯುತ್ತಿದ್ದವು.

ಈ ಮನೆಗೆ, ನಾನು ಹೈಸ್ಕೂಲಿನಲ್ಲಿದ್ದಾಗ, ನನ್ನ ವೈನಿ ಬಂದರು. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಅನ್ನುತ್ತೇವೆ. ಹೆಸರು ಕಾಶಮ್ಮ, ತವರು ದುಬಲಗುಂಡಿ. ಅಣ್ಣ ಗುಲಬರ್ಗಾದ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಮದುವೆ ಮಾಡಿದ್ದರು. ಅವನು ಹಿರಿಯರ ಮಾತಿಗೆಲ್ಲ ತಲೆಯಾಡಿಸಿ, ಒಂದೇ ಒಂದು ಕರಾರು ಹಾಕಿದ್ದ: ಹೆಂಡತಿ ಮೆಟ್ರಿಕ್ ಪಾಸಾಗಬೇಕು. ಹೀಗಾಗಿ ನನಗಿಂತ ಸ್ವಲ್ಪ ದೊಡ್ಡವರಾದ ವೈನಿ ಸೀರೆಯುಟ್ಟು, ತಲೆಯ ಮೇಲೆ ಸೆರಗು ಹೊದ್ದು ನನ್ನ ತರಗತಿಗೇ ಬಂದು ನನ್ನ ಬೆಂಚಿನಲ್ಲೇ ಕೂತರು. ಮನೆಯಲ್ಲಿ ಅವರಿಗೆ ರೀ ಹಚ್ಚದೆ ಮಾತಾಡಿದರೆ ಅವ್ವನ ಕೈಯಲ್ಲಿ ನನಗೆ ಮಂಗಳಾರತಿ. ಅದೇ ವೈನಿಗೆ ಶಾಲೆಯಲ್ಲಿ ನಾನೇ ಲೆಕ್ಕ ಹೇಳಿಕೊಡಬೇಕು. “ವೈನೀ, ಇಲ್ಲಿ ಎಕ್ಸ್ ಹಾಕ್ರಿ. ಹಾಂಗಲ್ರಿ. ಇದು ತಪ್ಪ್ ಅದರಿ” ಎನ್ನುತ್ತ ಬೀಜಗಣಿತವನ್ನೂ ಮರ್ಯಾದೆ ಕೊಟ್ಟೇ ಕಲಿಸಿದೆ.

ವೈನಿ ಮನೆಯಲ್ಲಿದ್ದಾರೆಂದು ತಿಳಿಯುತ್ತಿದ್ದದ್ದು ಬಳೆಯ ಸದ್ದಿನಿಂದ. ಅವ್ವ ಏನು ಕೇಳಿದರೂ ಸೆರಗಿನ ಒಳಗಿಂದ “ಹೂಂರಿ”, ಇಲ್ಲವೇ “ಇಲ್ರಿ”. ಅಷ್ಟರಲ್ಲೇ ದಿನ ಮುಗಿಯುತ್ತಿತ್ತು. ಶಾಲೆಗೆ ಹೋಗುವ ದಾರಿಯಲ್ಲಿ ಮಾತ್ರ ನನ್ನ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟುತ್ತಿದ್ದರು.

“ಶಾಂತಾ, ನಮ್ಮ ಹೊಲದಾಗ ಜ್ವಾಳ ತೆನಿ ಹಿಡದಾಗ ನಾನೇ ಹಕ್ಕಿ ಕಾಯ್ತಿದ್ದೆ. ಅಟ್ಟದ ಮ್ಯಾಲ ನಿಂತು ಹೋ ಅಂತ ಒದರಿದ್ನಂದ್ರ, ಗಿಳಿ ಎದ್ದು ಆಚಿ ಊರು ಮನ್ನಾಏಖೇಳ್ಳಿಗಿ ಹೋಗಿ ಕುಂದರತಿದ್ವು.”

“ಈಗೊಮ್ಮೆ ಒದರ್ರಿ ನೋಡೂಣು.”

“ಈಗೆಲ್ಲಿ ಒದರ್ಲಿ? ಇದು ಅತ್ತಿಮನಿ ಊರು.”

ಇನ್ನು ಆಟದ ಮಾತು. ನಮ್ಮ ಶಾಲೆಗೆ ಮೈದಾನ ಇದ್ದದ್ದು ಒಂದೇ, ಅದು ಗಂಡುಹುಡುಗರದು. ಹಾಗಂತ ಯಾರೂ ಬೋರ್ಡು ಹಾಕಿರಲಿಲ್ಲ. ಬೆಳಿಗ್ಗೆ ಅವರ ಡ್ರಿಲ್ಲು, ಸಂಜೆ ಅವರ ವಾಲಿಬಾಲು, ಅಷ್ಟೆ. ನಮಗೆ ಉಳಿದದ್ದು ಮಧ್ಯಾಹ್ನದ ಬಿಡುವು ಮತ್ತು ಶಾಲೆಯ ಹಿಂದಿನ ಜಾಲಿಗಿಡದ ಜಾಗ. ಅವರ ಖೋ-ಖೋ ಕಂಬಗಳು ಬಣ್ಣ ಬಳಿದ ಸಾಗವಾನಿಯವು. ನಮ್ಮದು ಒಂದು ಕಡೆ ಹಳೆಯ ಬಂಡಿಯ ಗೂಟ, ಇನ್ನೊಂದು ಕಡೆ ಮುರಿದ ಬಾಗಿಲ ಚೌಕಟ್ಟು. ಆಟ ಮುಗಿದ ಮೇಲೆ ಹುಡುಗರಿಗೆ ಶೇಂಗಾ, ಬೆಲ್ಲ ಕೊಡುತ್ತಿದ್ದರು. ನಮಗೆ ಕೊಡುತ್ತಿರಲಿಲ್ಲ ಎಂದು ಹೇಳಿದರೆ ಪೂರ್ತಿ ನಿಜವಾಗುವುದಿಲ್ಲ, ಆ ಶೇಂಗಾ ಸುಲಿಯುವ ಕೆಲಸ ನಮಗೇ ಕೊಡುತ್ತಿದ್ದರು.

ಡ್ರಿಲ್ ಕಲಿಸುತ್ತಿದ್ದವರು ಗಫೂರ ಮಾಸ್ತರರು. ಕುತ್ತಿಗೆಯಲ್ಲಿ ಸದಾ ಸೀಟಿ, ಕೈಯಲ್ಲಿ ಬೆತ್ತ, ಮನಸ್ಸು ಮೆತ್ತಗೆ. ಹುಡುಗಿಯರಿಗೂ ಒಂದು ಖೋ-ಖೋ ತಂಡ ಮಾಡಿ ಹುಮನಾಬಾದಿನ ಪಂದ್ಯಕ್ಕೆ ಕರೆದೊಯ್ಯಬೇಕೆಂದು ಅವರ ಹಟ. ಒಂಬತ್ತು ಜನ ಬೇಕು, ಸಿಕ್ಕವರು ಎಂಟು. ಒಬ್ಬಳ ಅಪ್ಪ ಮೈದಾನದ ಹೆಸರೆತ್ತಿದರೆ ಜಗಳಕ್ಕೆ ಬಂದ. ಇನ್ನೊಬ್ಬಳ ಅಜ್ಜಿ, ಓಡಿದರೆ ಕಾಲು ದಪ್ಪಗಾಗಿ ಕಾಲುಂಗುರ ಹಿಡಿಯುವುದಿಲ್ಲ ಅಂದಳು. ಮಿಕ್ಕವರೆಲ್ಲ ಹೇಳಿದ್ದು ಒಂದೇ ಮಾತು, ಬಯಲಿನಲ್ಲಿ ಓಡಿದ ಹುಡುಗಿಗೆ ವರ ಸಿಗುವುದಿಲ್ಲ ಎಂದು.

ಮಾಸ್ತರರು ಅದೇ ಮಾತನ್ನು ಹಿಡಿದುಕೊಂಡು ಒಂದು ಸಂಜೆ ನಮ್ಮ ಮನೆಗೆ ಬಂದರು. ಪಡಸಾಲೆಯಲ್ಲಿ ಅಪ್ಪ, ಕದದ ಹಿಂದೆ ಅವ್ವ, ಅವ್ವನ ಹಿಂದೆ ವೈನಿ, ವೈನಿಯ ಹಿಂದೆ ನಾನು. ವೈನಿ ಓಡುವುದನ್ನು ಅವರು ಶಾಲೆಯಲ್ಲಿ ನೋಡಿದ್ದರು. ಕದದ ಹಿಂದಿದ್ದ ಅವ್ವನಿಗೆ ಕೇಳುವಂತೆ ಹೇಳಿದರು.

“ಬಾಯೀಜಿ, ಎಲ್ಲರಿಗೂ ವರ ಸಿಗಂಗಿಲ್ಲ ಅಂತ ಫಿಕರ್ ಅದ. ನಿಮ್ಮ ಸೊಸಿಗಿ ಆ ಫಿಕರ್ ಇಲ್ಲಲ್ರಿ. ವರ ಸಿಕ್ಕು ಗುಲಬರ್ಗಾದಾಗ ಓದಾಕತ್ಯಾನ.”

ಕದದ ಹಿಂದೆ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಕ್ಕ ಮೇಲೆ ಪೂರ್ತಿ ಇಲ್ಲ ಎನ್ನುವುದು ಕಷ್ಟ. ಆದರೆ ಅವ್ವ ಸೋಲುವವಳಲ್ಲ. ಅಪ್ಪನಿಗೂ ಮಾಸ್ತರರಿಗೂ ಕೇಳುವಷ್ಟು ದನಿ ತೆಗೆದು ಹೇಳಿದಳು.

“ಆಡ್ಲಿ. ಓಡ್ಲಿ. ಸೀರಿ ನಾ ನೋಡ್ಕೋತೀನಿ. ಆದ್ರ ಸೊಸಿ ದನಿ ಬಯಲಾಗ ಕೇಳಬಾರದು. ಒಂದ್ ಸಲ ನನ್ನ ಕಿವಿಗಿ ಬಿತ್ತಂದ್ರ ಮರುದಿನದಿಂದ ಸಾಲಿ ಬಂದ್. ನಿಮ್ಮಿಬ್ಬರ ಮುಂದ ಹೇಳೀನಿ, ಮಾತು ಮಾತೇ.”

ಅಪ್ಪ ತಲೆಯಾಡಿಸಿದ. ಮಾಸ್ತರರೂ ಆಡಿಸಿದರು. ಅವರು ಚಪ್ಪಲಿ ಮೆಟ್ಟಿಕೊಳ್ಳುವಾಗ ನನಗೆ ಹೊಳೆಯಿತು, ಖೋ ಅನ್ನದೆ ಖೋ-ಖೋ ಆಡುವುದು ಹೇಗೆ? ವೈನಿಗೆ ಆಗಲೇ ಹೊಳೆದಿತ್ತು. ಕತ್ತಲೆಯಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಮೆಟ್ರಿಕ್ ಪರೀಕ್ಷೆಗೆ ಇನ್ನು ಕೆಲವೇ ತಿಂಗಳು ಉಳಿದಿದ್ದವು.

ಈ ಆಟವನ್ನು ನೀವೂ ಆಡಿಯೇ ಇರುತ್ತೀರಿ. ಅಟ್ಟುವವಳು ಕೂತವರ ಸಾಲನ್ನು ಅಡ್ಡ ದಾಟುವಂತಿಲ್ಲ. ಓಡುವವಳು ಸಾಲಿನ ನಡುವೆ ನುಸುಳಿ ಆಚೆ ಬದಿಗೆ ಹಾರಿದರೆ, ಅಟ್ಟುವವಳು ಒಂದೋ ಕಂಬ ಸುತ್ತಿ ಹೋಗಬೇಕು, ಇಲ್ಲವೇ ಆಚೆಗೆ ಮುಖ ಮಾಡಿ ಕೂತವಳ ಬೆನ್ನು ಮುಟ್ಟಿ ಖೋ ಎಂದು ಅವಳನ್ನು ಎಬ್ಬಿಸಬೇಕು. ಖೋ ಎಲ್ಲರಿಗೂ ಕೇಳುವಂತಿರಬೇಕು. ವೈನಿಗೆ ಎರಡನೆಯದು ಬಂದ್. ಹಾಗಾಗಿ ಮಾಸ್ತರರು ಅವರನ್ನು ಕಂಬದ ಪಕ್ಕದಲ್ಲೇ ಕೂರಿಸಿದರು. ಎದ್ದರೆಂದರೆ ಯಾರಿಗೂ ಖೋ ಕೊಡದೆ, ಕಂಬ ಸುತ್ತಿ ಸುತ್ತಿ ತಾವೇ ಅಟ್ಟಿ ಹಿಡಿಯಬೇಕು. ಉಳಿದವರು ಒಂದು ಅಕ್ಷರದಲ್ಲಿ ಮುಗಿಸುವ ಕೆಲಸವನ್ನು ವೈನಿ ಕಾಲಿನಿಂದ ಮಾಡಬೇಕಾಗಿತ್ತು. ಮಾಡುತ್ತಲೂ ಇದ್ದರು. ಅವರ ಓಟ ಅಷ್ಟು ಚುರುಕಾದದ್ದು ಹಾಗೆಯೇ.

ಸೀರೆಯ ಜವಾಬ್ದಾರಿ ಅವ್ವನದು. ತವರಿನ ಹೊಲದಲ್ಲಿ ಕಳೆ ಕಿತ್ತ ಕಾಲದಲ್ಲಿ ತಾನು ಹಾಕುತ್ತಿದ್ದಂಥ ಕಚ್ಚೆಯನ್ನೇ ವೈನಿಗೆ ಹಾಕಿ, ಮೊಣಕಾಲಿನಿಂದ ಬೆನ್ನಿಗೊಂದು ಗುದ್ದು ಕೊಟ್ಟು ಬಿಗಿದು, “ಈಗ ಹಾರು” ಎಂದು ಪಡಸಾಲೆಯಲ್ಲೇ ಹಾರಿಸಿ ನೋಡುತ್ತಿದ್ದಳು. ಕಚ್ಚೆ ಬಿಚ್ಚುವುದಿರಲಿ, ಒಂದು ನೆರಿಗೆ ಅಲುಗುತ್ತಿರಲಿಲ್ಲ. ಸೆರಗು ಮಾತ್ರ ತಲೆಯ ಮೇಲೆ ನಿಲ್ಲಬೇಕಿತ್ತು. ಮೊದಮೊದಲು ವೈನಿ ಒಂದು ಕೈ ಓಟಕ್ಕೆ, ಒಂದು ಕೈ ಸೆರಗಿಗೆ ಕೊಟ್ಟು ಓಡಿದರು. ಆಮೇಲೆ ಸೆರಗನ್ನು ಜಡೆಗೆ ಪಿನ್ನಿನಿಂದ ಚುಚ್ಚಿಕೊಂಡರು.

ನನ್ನ ಸಮಸ್ಯೆ ಬೇರೆ. ನನಗೆ ಕೂಗಲು ಪರವಾನಗಿ ಇತ್ತು, ಆದರೆ ನಾಲಿಗೆ ಕೈಕೊಟ್ಟಿತು. ಅಭ್ಯಾಸದ ಮೊದಲ ದಿನ ಓಡುತ್ತ ಬಂದು ವೈನಿಯ ಬೆನ್ನು ಮುಟ್ಟಿದೆ. ಜನ್ಮದಲ್ಲಿ ಅವರಿಗೆ ರೀ ಇಲ್ಲದೆ ಒಂದು ಮಾತಾಡಿದವಳಲ್ಲ. ಬಾಯಿಂದ ಬಂದದ್ದು “ಖೋ ರೀ”.

ಮಾಸ್ತರರ ಸೀಟಿ ಬಾಯಿಂದ ಜಾರಿತು. “ಖೋ ಮೇ ರೀ ಕಾಂಸೆ ಆಯಾ ಬೇಟಾ?” ಎಂದರು. ಆಮೇಲೆ ನನಗೆ ಅರ್ಥವಾಗಲಿ ಎಂದು ಕನ್ನಡಕ್ಕೆ ಬಂದರು. “ಖೋದಾಗ ರೀ ಎಲ್ಲಿಂದ ಬಂತು? ಇಲ್ಲಿ ವೈನಿ ಇಲ್ಲ, ನಾದಿನಿ ಇಲ್ಲ. ಇಲ್ಲಿ ಬೆನ್ನು ಅವ. ಬೆನ್ನಿಗಿ ಯಾರರ ರೀ ಅಂತಾರೇನು?”

“ಇಲ್ರಿ” ಎಂದೆ. ಮತ್ತೆ ಓಡಿದೆ. ಮತ್ತೆ “ಖೋ ರೀ”.

ಗೋಡೆಯ ಮೇಲೆ ಕೂತಿದ್ದ ಹುಡುಗರಿಗೆ ಹಬ್ಬವಾಯಿತು. ಅವತ್ತಿನಿಂದ ನನಗೆ ಶಾಂತಾ ಎಂಬ ಹೆಸರೇ ಹೋಯಿತು. ಪೇಟೆಯಲ್ಲಿ ಕೊತ್ತಂಬರಿ ತರಲು ಹೋದರೂ ಹಿಂದಿನಿಂದ “ಖೋ ರೀ” ಎಂದು ಕೇಳುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು. ಹುಡುಗರು ಹುಟ್ಟಿದಾಗಿನಿಂದ ಓಣಿಯಲ್ಲಿ ಕೂಗಿಕೊಂಡೇ ಬೆಳೆದವರು, ಅವರಿಗೆ ಖೋ ಒಂದು ಆಟ. ನಮಗೆ ಅದು ಗಂಟಲಿನಿಂದ ಕಿತ್ತು ತೆಗೆಯಬೇಕಾದ ವಸ್ತು. ನಮ್ಮ ತಂಡದಲ್ಲಿ ಒಬ್ಬಳ ಖೋ ಪಕ್ಕದವಳ ಕಿವಿಗೂ ಮುಟ್ಟುತ್ತಿರಲಿಲ್ಲ, ಇನ್ನೊಬ್ಬಳು ಖೋ ಅಂದ ಕೂಡಲೇ ನಾಚಿಕೊಂಡು ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಪಂದ್ಯ ಹತ್ತಿರ ಬಂದಾಗ ಹೊಸ ತೊಡಕು. ಹುಡುಗಿಯರು ಊರು ಬಿಟ್ಟು ಹೋಗಬೇಕಾದರೆ ಜೊತೆಗೆ ಒಬ್ಬ ಹೆಂಗಸು ಇರಲೇಬೇಕು ಎಂದು ಶಾಲೆಯವರು ಹೇಳಿದರು. ನಮ್ಮ ಶಾಲೆಯಲ್ಲಿ ಮಾಸ್ತರಬಾಯಿ ಯಾರೂ ಇರಲಿಲ್ಲ. ಹುಡುಗರಿಗೆ ಈ ಕಟ್ಟಳೆ ಇರಲಿಲ್ಲ, ಅವರು ಬೇಕಾದರೆ ಬಸ್ಸಿನ ಮಾಳಿಗೆಯ ಮೇಲೆ ಕೂತು ಹೋಗಬಹುದಿತ್ತು. ಇನ್ನೇನು ತಂಡ ಬರಖಾಸ್ತು ಎನ್ನುವಾಗ ಅವ್ವ ಅಡುಗೆಮನೆಯಿಂದ, “ನಾ ಹೋಗ್ತೀನಿ” ಅಂದಳು.

ನಮಗೆ ಸಂತೋಷಪಡಬೇಕೋ ಹೆದರಬೇಕೋ ತಿಳಿಯಲಿಲ್ಲ. ಅವ್ವನ ಕಿವಿ ಎಂಥದೆಂದು ಮನೆಯವರಿಗೆಲ್ಲ ಗೊತ್ತು. ಅಡುಗೆಮನೆಯಲ್ಲಿ ಕೂತು ಅಂಗಡಿಯಲ್ಲಿ ತೂಕದ ಕಲ್ಲು ಬದಲಾದದ್ದನ್ನು ಹೇಳುವವಳು. ಆ ಕಿವಿಯನ್ನೇ ಕರೆದುಕೊಂಡು ನಾವು ಹುಮನಾಬಾದಿಗೆ ಹೊರಟೆವು.

ಹುಡುಗಿಯರ ಪಂದ್ಯವನ್ನು ನಡುಮಧ್ಯಾಹ್ನಕ್ಕೆ ಇಟ್ಟಿದ್ದರು. ಬಂದ ಅತಿಥಿಗಳು ಊಟಕ್ಕೆ ಹೋಗಿದ್ದ ಹೊತ್ತು. ಹುಡುಗರ ಆಟಕ್ಕೆ ಎಳೆದ ಸುಣ್ಣದ ಗೆರೆ ಅರ್ಧ ಅಳಿಸಿತ್ತು, ಹೊಸದಾಗಿ ಎಳೆಯಲು ಸುಣ್ಣ ಉಳಿದಿರಲಿಲ್ಲ. ಗಫೂರ ಮಾಸ್ತರರು ಬೆತ್ತದಿಂದಲೇ ಗೆರೆ ಎಳೆದರು. ಅವ್ವನಿಗೆ ಮಾತ್ರ ರಾಜೋಪಚಾರ. ತಂಡದ ಜೊತೆ ಬಂದ ಹೆಂಗಸೆಂದು ಶಾಮಿಯಾನದ ಕೆಳಗೆ, ಮುಂದಿನ ಸಾಲಿನಲ್ಲಿ ಕಬ್ಬಿಣದ ಕುರ್ಚಿ ಕೊಟ್ಟರು. ನಾಲ್ಕು ಜನರ ನಡುವೆ ಕುರ್ಚಿಯಲ್ಲಿ ಕೂತದ್ದು ಅವಳಿಗೆ ಅದೇ ಮೊದಲು. ಕುರ್ಚಿ ಎಲ್ಲಿ ಮಡಚಿಕೊಂಡೀತೋ ಎಂದು ಎರಡೂ ಕೈಯಿಂದ ಅಂಚು ಹಿಡಿದುಕೊಂಡಿದ್ದಳು.

ಆಟ ಶುರುವಾಯಿತು. ಎದುರಿಗೆ ಹುಮನಾಬಾದಿನ ಹುಡುಗಿಯರು. ನನ್ನ ಮೊದಲ ಖೋ ಬೇರೆ ಹುಡುಗಿಗೆ, ಸರಿಯಾಗಿ ಬಂತು. ಎರಡನೆಯದು ವೈನಿಗೆ. “ಖೋ ರೀ!” ಅಂಪೈರ್ ಸೀಟಿ ಊದಿದರು. ಫೌಲ್. “ಖೋ ಅಂದ್ರ ಖೋ ಅಷ್ಟ. ಅದಕ್ಕ ಮರ್ಯಾದಿ ಬ್ಯಾಡ” ಎಂದರು. ಮೈದಾನವೆಲ್ಲ ನಕ್ಕಿತು. ನಗದೆ ಇದ್ದವಳು ಅವ್ವ ಒಬ್ಬಳೇ.

“ಆ ಸೀಟಿ ಊದಾಂವ್ಗ ಏನಾಗ್ಯಾದ? ಹುಡುಗಿ ವೈನಿಗಿ ಮರ್ಯಾದಿ ಕೊಟ್ಟದ್ದು ತಪ್ಪೇನು?” ಎಂದು ಪಕ್ಕದಲ್ಲಿ ನಿಂತಿದ್ದ ಗಫೂರ ಮಾಸ್ತರರನ್ನು ತರಾಟೆಗೆ ತೆಗೆದುಕೊಂಡಳಂತೆ. ಶಾಮಿಯಾನದ ಕೆಳಗೆ ನಡೆದದ್ದನ್ನೆಲ್ಲ ಆಮೇಲೆ ನಮಗೆ ಹೇಳಿದವರು ಅವರೇ.

ಎದುರಿನವರಿಗೂ ನಮ್ಮದೇ ಕಾಯಿಲೆ ಇತ್ತು ಅನ್ನುವುದು ನಮ್ಮ ಪುಣ್ಯ. ಅವರಲ್ಲಿ ಇಬ್ಬರ ಖೋ ಯಾರಿಗೂ ಕೇಳದೆ ಫೌಲಾಯಿತು. ಹೀಗೆ ಎರಡೂ ಕಡೆ ತಪ್ಪುತ್ತ ಏಳುತ್ತ ಕೊನೆಯ ಸರದಿಗೆ ಬಂದಾಗ ಅಂಕ ಸಮನಾಗಿತ್ತು. ಅಟ್ಟುವ ಸರದಿ ನಮ್ಮದು. ಇನ್ನೊಬ್ಬಳನ್ನು ಮುಟ್ಟಿದರೆ ಗೆದ್ದೆವು. ಆದರೆ ಆ ಒಬ್ಬಳು ಉದ್ದ ಕಾಲಿನ ಹುಡುಗಿ, ನಮ್ಮ ಉಪಾಯವನ್ನು ಕಂಡುಹಿಡಿದಿದ್ದಳು. ವೈನಿ ಖೋ ಕೊಡುವುದಿಲ್ಲ ಎಂದು ತಿಳಿದು, ಅವರನ್ನು ಮತ್ತೆ ಮತ್ತೆ ಸಾಲಿನ ನಡುಮಧ್ಯಕ್ಕೆ ಎಳೆದುಕೊಂಡು ಹೋಗಿ ಆಚೆಗೆ ನುಸುಳುತ್ತಿದ್ದಳು. ವೈನಿ ಕಂಬದವರೆಗೆ ಓಡಿ ಸುತ್ತಿ ಬರುವಷ್ಟರಲ್ಲಿ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದಳು.

ಆಗ ಅವ್ವ ಮಾಸ್ತರರನ್ನು ಕೇಳಿದಳಂತೆ, “ಆಕಿ ಯಾಕ ಸುಮ್ಮ ಸುತ್ತು ಹೊಡ್ಯಾಕತ್ತಾಳ? ಹತ್ತಿರದ ದಾರಿ ಇಲ್ಲೇನು?”

“ಅದರಿ ಬಾಯೀಜಿ. ಖೋ ಅಂದ್ರ ಮುಗೀತು. ಆದ್ರ ಆಕಿಗಿ ಅದು ಮನಾ ಅದಲ್ರಿ, ನೀವೇ ಬ್ಯಾಡ ಅಂದೀರಿ.”

ಅವ್ವ ಕುರ್ಚಿಯ ಅಂಚು ಬಿಟ್ಟು ಮುಂದಕ್ಕೆ ಬಾಗಿ ಕೂತಳಂತೆ.

ನಾನು ಸಾಲಿನ ನಡುವೆ ತುದಿಗಾಲಲ್ಲಿ ಕೂತಿದ್ದೆ. ಬೆನ್ನ ಹಿಂದೆ ವೈನಿಯ ಹೆಜ್ಜೆಯ ಸದ್ದು ಹತ್ತಿರ ಬಂತು. ಉದ್ದ ಕಾಲಿನವಳು ನನ್ನ ಪಕ್ಕದಿಂದಲೇ ನುಸುಳಿ ನನ್ನ ಕಣ್ಣೆದುರಿಗೆ ಬಂದು ನಿಂತಳು, ನಿರಾಳವಾಗಿ, ಇನ್ನು ಇವರು ಕಂಬಕ್ಕೆ ಹೋಗುತ್ತಾರೆ ಎಂಬ ನಂಬಿಕೆಯಲ್ಲಿ. ಸಮಯ ನೋಡುವವರು ಕೈ ಎತ್ತಿಯೇಬಿಟ್ಟಿದ್ದರು. ಬೆನ್ನ ಮೇಲೆ ಒಂದು ಅಂಗೈ ಬಿತ್ತು.

“ಖೋ!”

ಅಂಥ ದನಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಗಿಳಿಗಳು ಮನ್ನಾಏಖೇಳ್ಳಿಗೆ ಹೋದದ್ದು ಸುಳ್ಳಲ್ಲ. ನಾನು ಎದ್ದದ್ದು ಆಟದ ನಿಯಮಕ್ಕಲ್ಲ, ಹೆದರಿಕೆಗೆ. ಎದುರಿಗೆ ನಿಂತವಳೂ ಬೆಚ್ಚಿ ಕಲ್ಲಾಗಿದ್ದಳು. ನಾನು ಹೋಗಿ ಅವಳ ಮೇಲೆಯೇ ಬಿದ್ದೆ. ಇಬ್ಬರೂ ಧೂಳಿನಲ್ಲಿ ಉರುಳಿದೆವು. ಸೀಟಿ ಬಿತ್ತು. ಔಟ್.

ನಮ್ಮ ಹುಡುಗಿಯರು ಕುಣಿದರು. ನಾನು ಮೊಣಕೈಯ ಮಣ್ಣು ಒರೆಸಿಕೊಳ್ಳುತ್ತ ಶಾಮಿಯಾನದ ಕಡೆ ನೋಡಿದೆ. ವೈನಿ ನೋಡಲಿಲ್ಲ. ಪಿನ್ನು ಕಿತ್ತುಹೋಗಿ ಹೆಗಲಿಗೆ ಬಿದ್ದಿದ್ದ ಸೆರಗನ್ನು ಎಳೆದು ಮೂಗಿನವರೆಗೆ ಹೊದ್ದುಕೊಂಡು ಅಲ್ಲೇ ನಿಂತುಬಿಟ್ಟರು. ಗೆದ್ದವರ ಮುಖ ಹಾಗಿರುವುದಿಲ್ಲ.

ಬಹುಮಾನದಲ್ಲಿ ಗೆದ್ದ ಹುಡುಗರಿಗೆ ಹೊಳೆಯುವ ಕಪ್, ನಮಗೆ ತಲಾ ಒಂದು ಸ್ಟೀಲಿನ ಡಬ್ಬಿ. ನಮಗೆ ಬೇಸರವಾಯಿತು. ಅವ್ವ ಮಾತ್ರ ಎರಡೂ ಡಬ್ಬಿಗಳ ಮುಚ್ಚಳ ತೆಗೆದು ಹಾಕಿ ನೋಡಿ, “ಇದು ಛಲೋ ಅದ. ಕಪ್ಪಿನಾಗ ಏನ್ ಹಾಕಿಡತಾರ?” ಎಂದಳು. ಅಷ್ಟೇ ಅವಳು ಆಡಿದ ಮಾತು. ಬಸ್ಸಿನಲ್ಲಿ ಎರಡೂ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಳು. ವೈನಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾನು ಅವ್ವನ ಮುಖವನ್ನೇ ನೋಡುತ್ತಿದ್ದೆ. ಮಾತು ಮಾತೇ ಅಂದಿದ್ದಳಲ್ಲ. ನಾಳೆಯಿಂದ ನನ್ನ ಬೆಂಚಿನ ಅರ್ಧ ಖಾಲಿ.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದ. “ಏನಾತು?” ಎಂದು ಕೇಳಿದ.

“ಗೆದ್ವಿ” ಎಂದಳು ಅವ್ವ, ಕಾಲು ತೊಳೆದುಕೊಳ್ಳುತ್ತ. “ಕಡೀಕ ಯಾವಾಕೋ ಒಬ್ಬಾಕಿ ಒದರಿದ್ಳು ನೋಡು, ನನ್ನ ಕಿವ್ಯಾಗ ಇನ್ನೂ ಗುಂಯ್ ಅನ್ನಾಕತ್ತದ. ಯಾರ ಮನಿ ಹುಡುಗಿಯೋ ಏನೋ.”

“ನಮ್ಮ ಸೊಸಿ ಅಲ್ಲಲ್ಲ?”

“ಆಕಿ ಎಲ್ಲಿ ಒದರತಾಳ? ಆಕಿ ದನಿ ಆಗಿದ್ರ ನಾ ಗುರ್ತು ಹಿಡೀತಿದ್ದಿಲ್ಲೇನು?” ಎಂದು ಅವ್ವ ಒಳಗೆ ಹೋದಳು.

ನನ್ನ ಎದೆಯ ಮೇಲಿನಿಂದ ಜೋಳದ ಚೀಲ ಇಳಿಸಿದಂತಾಯಿತು. ಅಡುಗೆಮನೆಯ ಮೂಲೆಯಲ್ಲಿ ವೈನಿಯೂ ನಾನೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಸದ್ದಿಲ್ಲದೆ ನಕ್ಕೆವು. ನಗುತ್ತ ನಗುತ್ತ ವೈನಿಯ ಕಣ್ಣಲ್ಲಿ ನೀರು ಬಂತು.

“ಶಾಂತಾ, ಈ ಮನಿಗಿ ಬಂದು ಇಷ್ಟು ದಿನಾ ಆತು. ನನ್ನ ದನಿ ಹ್ಯಾಂಗದ ಅಂತ ಅತ್ತಿಯವರಿಗಿ ಗೊತ್ತೇ ಇಲ್ಲ ನೋಡು” ಎಂದರು. ನಾನು ಅವರ ಕಣ್ಣು ಒರೆಸಿದೆ. ಉಳಿದುಕೊಂಡೆವು ಎಂಬ ಸಮಾಧಾನದ ನಡುವೆ ಆ ಮಾತು ಮುಳ್ಳಿನಂತೆ ಚುಚ್ಚಿತು.

ಈಗಿನ ನನ್ನ ಶಾಲೆಯ ಹುಡುಗಿಯರಿಗೆ ಇದನ್ನು ಹೇಳಿದರೆ ಅವರು ನಂಬುವುದಿಲ್ಲ. ಮೈದಾನ ಈಗಲೂ ಹುಡುಗರು ಬಿಟ್ಟ ಮೇಲೆಯೇ ಇವರಿಗೆ, ಅದಕ್ಕಾಗಿ ನಾನು ಹೆಡ್‌ಮಾಸ್ತರರ ಜೊತೆ ಆಗಾಗ ಜಗಳ ಕಾಯುವುದೂ ಉಂಟು. ಆದರೆ ಇವರು ಖೋ ಎಂದರೆ ಆಫೀಸಿನ ಕಿಟಕಿ ಅದುರುತ್ತದೆ. ಹೆಡ್‌ಮಾಸ್ತರರು ಕಿವಿಗೆ ಬೆರಳಿಟ್ಟುಕೊಂಡು ಕಿಟಕಿ ಮುಚ್ಚುತ್ತಾರೆ. ಆಗ ನನಗೆ ಆಗುವ ಸುಖ ಇಷ್ಟಿಷ್ಟಲ್ಲ.

ಮೆಟ್ರಿಕ್ಕಿನ ಫಲಿತಾಂಶ ಬೇಸಿಗೆಯಲ್ಲಿ ಬಂತು. ವೈನಿ ಪಾಸು, ನಾನೂ ಪಾಸು. ಲೆಕ್ಕದಲ್ಲಿ ವೈನಿಗೆ ನನಗಿಂತ ಹೆಚ್ಚು ಅಂಕ ಬಂದದ್ದನ್ನು ಇಲ್ಲಿ ಬೆಳೆಸಿ ಹೇಳುವ ಅಗತ್ಯವಿಲ್ಲ. ಅಣ್ಣನಿಗೆ ಸುದ್ದಿ ಹೋಯಿತು, ಓಣಿಗೆಲ್ಲ ಪೇಢೆ ಹಂಚಿ ಆಯಿತು. ಮರುದಿನ ಬೆಳಿಗ್ಗೆ ಅವ್ವ, ವೈನಿ, ನಾನು ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದೆವು. ಅಪ್ಪ ಆಗಷ್ಟೇ ಅಂಗಡಿಯ ಸಾಮಾನಿಡುವ ಗೋದಾಮಿಗೆ ಹೊರಟಿದ್ದ. ಅವ್ವ ಮೆಣಸಿನಕಾಯಿ ಹರವುತ್ತ ಕೆಳಗೆ ಬಗ್ಗಿ ನೋಡಿ ಸೊಂಟ ಮುಟ್ಟಿಕೊಂಡಳು. ಗೋದಾಮಿನ ಚಾವಿ ಅವಳ ಸೊಂಟದಲ್ಲೇ ಉಳಿದಿತ್ತು. ಅಪ್ಪ ಆಗಲೇ ಓಣಿಯ ತುದಿಗೆ ಹೋಗಿದ್ದ, ನಮಗೆ ಬೆನ್ನು ಮಾಡಿ. ಮಾಳಿಗೆಯ ಮೇಲೆ ಅಲ್ಲಾಡಿಸಲು ಚಿಲಕ ಇರಲಿಲ್ಲ.

“ಏ ಸೊಸಿ, ನಿಮ್ಮ ಮಾವನೋರು ಚಾವಿ ಬಿಟ್ಟು ಹೊಂಟಾರ. ಕರಿ.”

ವೈನಿ ಗೋಡೆಯ ಅಂಚಿಗೆ ಹೋಗಿ ಸೆರಗಿನೊಳಗಿಂದ ಏನೋ ಅಂದರು. ಅದು ಮೆಣಸಿನಕಾಯಿಗೂ ಕೇಳಲಿಲ್ಲ.

“ಹಾಂಗಲ್ಲ” ಎಂದಳು ಅವ್ವ. “ಹುಮನಾಬಾದದಾಗ ಒದರಿದ್ಯಲ್ಲ, ಹಾಂಗ.”

ನನ್ನ ಕೈಯಲ್ಲಿದ್ದ ಬುಟ್ಟಿ ಜಾರಿತು. ವೈನಿ ಗೋಡೆ ಹಿಡಿದುಕೊಂಡು ನಿಂತರು. “ನಿಮಗ ಗೊತ್ತಿತ್ತೇನ್ರಿ ಅತ್ತಿ?” ಎಂದು ಕೇಳಿದರು.

“ನನ್ನ ಸೊಸಿ ದನಿ ನನಗ ಗೊತ್ತಾಗಂಗಿಲ್ಲೇನು?” ಅವ್ವ ಮೆಣಸಿನಕಾಯಿಯಿಂದ ಕಣ್ಣೆತ್ತಲಿಲ್ಲ. “ಗೊತ್ತಾತು ಅಂತ ಅಂದಿದ್ರ ಸಾಲಿ ಬಂದ್ ಮಾಡಬೇಕಾಗ್ತಿತ್ತು. ಇಬ್ಬರು ಗಂಡಸರ ಮುಂದ ಆಡಿದ ಮಾತು. ಅದಕ್ಕ ಗೊತ್ತಾಗಲಿಲ್ಲ. ಈಗ ಪಾಸಾತಲ್ಲ, ಒದರು. ಅವರು ಓಣಿ ದಾಟಾಕತ್ಯಾರ.”

ವೈನಿ ನನ್ನ ಕಡೆ ನೋಡಿದರು. ಮುಖದಲ್ಲಿ ನಗುವೂ ಇತ್ತು, ಅಳುವೂ ಇತ್ತು. ಸೆರಗು ತಾನಾಗಿ ಹೆಗಲಿಗೆ ಜಾರಿತು, ಎತ್ತಿಕೊಳ್ಳಲಿಲ್ಲ. ದುಬಲಗುಂಡಿಯ ಅಟ್ಟದ ಮೇಲೆ ಹೇಗೆ ನಿಲ್ಲುತ್ತಿದ್ದರೋ ಹಾಗೆ ಕಾಲು ಅಗಲಿಸಿ ನಿಂತು ಎದೆ ತುಂಬ ಉಸಿರು ತೆಗೆದುಕೊಂಡರು. ಆದರೆ ಏನೆಂದು ಕೂಗುವುದು? ಮಾವನ ಹೆಸರು ಹಿಡಿಯುವಂತಿಲ್ಲ. ನಡುಓಣಿಯಲ್ಲಿ ಮಾವ ಎಂದು ಒದರುವುದೂ ಸರಿಯಲ್ಲ. ಎದುರಿಗೆ ಕಾಣುತ್ತಿದ್ದದ್ದು ಒಂದು ಬೆನ್ನು, ಅದೂ ಹಿರಿಯರ ಬೆನ್ನು.

“ಖೋ ರೀ!”

ಓಣಿಯ ಪಾರಿವಾಳಗಳೆಲ್ಲ ಎದ್ದು ಕೋಟೆಯ ಕಡೆ ಹಾರಿದವು. ಬಾಗಿಲು ಬಾಗಿಲಲ್ಲಿ ಜನ ತಲೆ ಹೊರಹಾಕಿದರು. ಅಪ್ಪ ಗಕ್ಕನೆ ನಿಂತ. ತಿರುಗಿ ಮಾಳಿಗೆಯ ಕಡೆ ನೋಡಿದ, ತನ್ನನ್ನೇ ಕರೆದದ್ದು ಹೌದೋ ಅಲ್ಲವೋ ಎಂದು ಎದೆಯ ಮೇಲೆ ಕೈಯಿಟ್ಟು ಸನ್ನೆಯಲ್ಲಿ ಕೇಳಿದ. ಆಮೇಲೆ ಧೋತರದ ಚುಂಗು ಎತ್ತಿ ಹಿಡಿದು, ನಮ್ಮ ಕಡೆಗೆ ಓಡಿ ಬರತೊಡಗಿದ.

ಅವ್ವ ಸೊಂಟದಿಂದ ಚಾವಿ ತೆಗೆದು ವೈನಿಯ ಕೈಗೆ ಕೊಟ್ಟಳು.

“ಚಿಲಕಕ್ಕಿಂತ ಇದೇ ಛಲೋ ಅದ” ಎಂದಳು.